ಸೊಂಟದ ಕೀಲಿನ ಇಂಪಿಂಜ್‌ಮೆಂಟ್: ಚಿಕಿತ್ಸೆ ಮತ್ತು ವೈದ್ಯಕೀಯ ಸಂಶೋಧನೆ

ತೊಡೆಮೂಳೆಯ ಮೇಲ್ತುದಿಯಲ್ಲೋ ಅದು ಕೂರುವ ಬಟ್ಟಲಿನ ಅಂಚಿನಲ್ಲೋ ಅಥವಾ ಎರಡರಲ್ಲೂ ಇರುವ ಆಕಾರದ ವ್ಯತ್ಯಾಸದಿಂದಾಗಿ, ಕಾಲು ಮಡಿಸುವಾಗ ಈ ಎರಡು ಮೂಳೆಗಳು ಸಹಜ ಮಿತಿಗಿಂತ ಮೊದಲೇ ಒಂದಕ್ಕೊಂದು ತಾಗಿ ನೋವು ಹುಟ್ಟಿಸುವ ಸ್ಥಿತಿಗೆ ಸೊಂಟದ ಕೀಲಿನ ಇಂಪಿಂಜ್‌ಮೆಂಟ್ ಎಂದು ಹೆಸರು. ವೈದ್ಯಕೀಯದಲ್ಲಿ ಇದರ ಪೂರ್ಣ ಹೆಸರು ಫೆಮೊರೊಅಸೆಟಾಬ್ಯುಲರ್ ಇಂಪಿಂಜ್‌ಮೆಂಟ್ ಸಿಂಡ್ರೋಮ್. ಹದಿಹರೆಯದವರಿಂದ ಹಿಡಿದು ನಡುವಯಸ್ಸಿನವರ ತನಕ ತೊಡೆಸಂದಿನಲ್ಲಿ ಕಾಣಿಸುವ ನೋವಿಗೆ ಇದು ಮುಖ್ಯ ಕಾರಣಗಳಲ್ಲೊಂದು. ಮೂಳೆಯ ಆಕಾರವನ್ನು ತಿದ್ದುವ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮವನ್ನು ಆಧರಿಸಿದ ಫಿಸಿಯೋಥೆರಪಿ ಇದರ ಎರಡು ಪ್ರಧಾನ ಚಿಕಿತ್ಸೆಗಳು. ಮೊದಲನೆಯದು ಹಲವು ದೇಶಗಳಲ್ಲಿ ರೂಢಿಗೆ ಬಂದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲಷ್ಟೇ ಎರಡನ್ನೂ ಹೋಲಿಸಿ ನೋಡಿದ ದೊಡ್ಡ ಪ್ರಯೋಗಗಳು ಪ್ರಕಟವಾದವು. ಚಿಕಿತ್ಸೆ ಮೊದಲು, ಪರೀಕ್ಷೆ ಆಮೇಲೆ ಎಂಬ ಈ ಕ್ರಮ ಇಡೀ ಕ್ಷೇತ್ರದ ಸಂಶೋಧನೆಯ ಮೇಲೆ ಗುರುತು ಬಿಟ್ಟಿದೆ.

ಕೀಲಿನ ರಚನೆ

ಸೊಂಟದ ಕೀಲು ಗುಂಡು ಮತ್ತು ಬಟ್ಟಲಿನ ಜೋಡಣೆಯ ಕೀಲು. ತೊಡೆಮೂಳೆಯ ತಲೆ ಗುಂಡಾಗಿದ್ದು, ಕಿಬ್ಬೊಟ್ಟೆಯ ಮೂಳೆಕಟ್ಟಿನಲ್ಲಿರುವ ಬಟ್ಟಲಿನಲ್ಲಿ ಕೂರುತ್ತದೆ. ತಲೆಯ ಕೆಳಗಿನ ಕಿರಿದಾದ ಭಾಗ ಕುತ್ತಿಗೆ. ಎರಡೂ ಮೂಳೆಗಳ ಮೇಲೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಬಟ್ಟಲಿನ ಅಂಚಿನ ಸುತ್ತ ನಾರಿನಂಥ ಮೃದ್ವಸ್ಥಿಯ ಒಂದು ಪಟ್ಟಿ ಇದ್ದು, ಅದಕ್ಕೆ ಲೇಬ್ರಮ್ ಎಂದು ಹೆಸರು. ಕೀಲಿನೊಳಗಿನ ದ್ರವ ಹೊರಹೋಗದಂತೆ ಇದು ಮುದ್ರೆ ಹಾಕುತ್ತದೆ ಮತ್ತು ಬಟ್ಟಲಿನ ಆಳವನ್ನು ಹೆಚ್ಚಿಸುತ್ತದೆ. ಲೇಬ್ರಮ್‌ನಲ್ಲಿ ನರತುದಿಗಳಿವೆ, ಆದ್ದರಿಂದ ಅದು ಹರಿದರೆ ನೋವಾಗಬಹುದು. ತಲೆಗೆ ರಕ್ತ ಪೂರೈಕೆ ಬಹುಪಾಲು ಒಂದೇ ಧಮನಿಯ ಕವಲುಗಳಿಂದ ಆಗುತ್ತದೆ. ಮೀಡಿಯಲ್ ಸರ್ಕಮ್‌ಫ್ಲೆಕ್ಸ್ ಫೆಮೊರಲ್ ಎಂಬ ಈ ಧಮನಿಗೆ ಏಟಾದರೆ ತಲೆಯ ಮೂಳೆ ಸಾಯಬಹುದು. ಕೀಲನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆಗೆ ಬಹುಕಾಲ ಅಡ್ಡಿಯಾಗಿದ್ದದ್ದು ಈ ಭಯವೇ.

ಬಗೆಗಳು

ತಲೆ ಕುತ್ತಿಗೆಗೆ ಸೇರುವಲ್ಲಿ, ಸಾಮಾನ್ಯವಾಗಿ ಮುಂಭಾಗದ ಮೇಲ್ಬದಿಯಲ್ಲಿ, ಮೂಳೆ ಉಬ್ಬಿಕೊಂಡು ತಲೆಯ ದುಂಡುತನ ಕೆಟ್ಟಿದ್ದರೆ ಅದು ಕ್ಯಾಮ್ ಆಕಾರ. ಕಾಲು ಮಡಿಸಿದಾಗ ಈ ಉಬ್ಬು ಬಟ್ಟಲಿನೊಳಕ್ಕೆ ನುಗ್ಗಿ ಅಂಚಿನ ಬಳಿಯ ಮೃದ್ವಸ್ಥಿಯನ್ನು ಮೂಳೆಯಿಂದ ಸುಲಿದುಬಿಡುತ್ತದೆ. ಬಟ್ಟಲಿನ ಅಂಚು ತಲೆಯನ್ನು ಅಗತ್ಯಕ್ಕಿಂತ ಹೆಚ್ಚು ಆವರಿಸಿದ್ದರೆ ಅದು ಪಿನ್ಸರ್ ಆಕಾರ. ಇಲ್ಲಿ ಕುತ್ತಿಗೆಗೂ ಅಂಚಿಗೂ ನಡುವೆ ಸಿಕ್ಕಿ ಮೊದಲು ಜಜ್ಜಿಹೋಗುವುದು ಲೇಬ್ರಮ್. ಎರಡೂ ಸೇರಿರುವ ಮಿಶ್ರ ಬಗೆಯೂ ಸಾಮಾನ್ಯ.

ಕ್ಯಾಮ್ ಆಕಾರ ಹುಟ್ಟಿನಿಂದಲೇ ಬರುವುದು ವಿರಳ. ಬೆಳವಣಿಗೆಯ ವಯಸ್ಸಿನಲ್ಲಿ, ತೊಡೆಮೂಳೆಯ ಬೆಳವಣಿಗೆ ಫಲಕ ಇನ್ನೂ ಮುಚ್ಚಿರದಾಗ, ಫುಟ್‌ಬಾಲ್, ಐಸ್ ಹಾಕಿ, ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳನ್ನು ತೀವ್ರವಾಗಿ ಆಡಿದವರಲ್ಲಿ ಇದು ಹೆಚ್ಚಾಗಿ ರೂಪುಗೊಳ್ಳುತ್ತದೆ ಎಂದು ಸ್ವಿಟ್ಸರ್‌ಲೆಂಡ್ ಮತ್ತು ನೆದರ್‌ಲೆಂಡ್ಸ್‌ನಲ್ಲಿ ನಡೆದ ಅಧ್ಯಯನಗಳು ತೋರಿಸಿವೆ.

ಆಕಾರ ಬೇರೆ, ಕಾಯಿಲೆ ಬೇರೆ. ಈ ವ್ಯತ್ಯಾಸ ಇಡೀ ವಿಷಯಕ್ಕೆ ಆಧಾರ. ನೋವೇ ಇಲ್ಲದವರ ಸೊಂಟದ ಚಿತ್ರಗಳನ್ನು ಪರಿಶೀಲಿಸಿದ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಅಂಥ ಕೀಲುಗಳ ಪೈಕಿ ಸುಮಾರು ಶೇ. 37ರಲ್ಲಿ ಕ್ಯಾಮ್ ಆಕಾರ ಕಂಡುಬಂತು. ಕ್ರೀಡಾಪಟುಗಳಲ್ಲಿ ಈ ಪ್ರಮಾಣ ಸುಮಾರು ಶೇ. 55, ಉಳಿದವರಲ್ಲಿ ಶೇ. 23. ಎಂಆರ್‌ಐ ಮಾಡಿಸಿದ್ದ ನೋವುರಹಿತ ಕೀಲುಗಳಲ್ಲೂ ಲೇಬ್ರಮ್‌ನ ಗಾಯ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟಿತ್ತು. ಚಿತ್ರದಲ್ಲಿ ಉಬ್ಬು ಕಂಡಿತೆಂಬ ಒಂದೇ ಕಾರಣಕ್ಕೆ ಯಾರನ್ನೂ ರೋಗಿ ಎನ್ನಲಾಗದು.

ಕಲ್ಪನೆಯ ಬೆಳವಣಿಗೆ

ಬಟ್ಟಲಿನ ಅಂಚು ಕುತ್ತಿಗೆಗೆ ತಾಗುವುದರಿಂದ ನೋವು ಬರಬಹುದೆಂದು ಊಹಿಸಿ, ಆ ಅಂಚನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಅಮೆರಿಕದ ಬಾಸ್ಟನ್ನಿನ ಮಾರಿಯಸ್ ಸ್ಮಿತ್-ಪೀಟರ್ಸನ್ 1936ರಲ್ಲೇ ವರ್ಣಿಸಿದ್ದರು. ಆದರೆ ಅದು ಮುಂದುವರಿಯಲಿಲ್ಲ. 1965ರಲ್ಲಿ ಬ್ರಿಟನ್ನಿನ ಮರ್ರೆ, 1975ರಲ್ಲಿ ಅಮೆರಿಕದ ಸ್ಟುಲ್‌ಬರ್ಗ್ ತಂಡ, ಕಾರಣ ತಿಳಿಯದ ಕೀಲುಸವೆತ ಎನಿಸಿಕೊಂಡಿದ್ದ ಹಲವು ಪ್ರಕರಣಗಳಲ್ಲಿ ತೊಡೆಮೂಳೆಯ ತಲೆಯ ಆಕಾರವೇ ಬೇರೆಯಾಗಿರುವುದನ್ನು ಎಕ್ಸ್‌ರೇಗಳಲ್ಲಿ ಗುರುತಿಸಿದರು.

ಈಗಿನ ಅರ್ಥದಲ್ಲಿ ಈ ಕಲ್ಪನೆ ಮೂಡಿದ್ದು ಸ್ವಿಟ್ಸರ್‌ಲೆಂಡಿನ ಬೆರ್ನ್ ನಗರದಲ್ಲಿ. ಅಲ್ಲಿನ ಮೂಳೆ ಶಸ್ತ್ರವೈದ್ಯ ರೈನ್‌ಹೋಲ್ಡ್ ಗಾಂಟ್ಸ್ ಮತ್ತು ಸಹೋದ್ಯೋಗಿಗಳು ಬಟ್ಟಲು ಆಳವಿಲ್ಲದ ರೋಗಿಗಳಿಗೆ ಬಟ್ಟಲಿನ ಮೂಳೆಯನ್ನು ಕತ್ತರಿಸಿ ತಿರುಗಿಸಿ ಕೂರಿಸುವ ಶಸ್ತ್ರಚಿಕಿತ್ಸೆಯನ್ನು 1988ರಲ್ಲಿ ಪ್ರಕಟಿಸಿದ್ದರು. ಹಾಗೆ ತಿರುಗಿಸಿದ ಕೆಲವರಲ್ಲಿ ಹೊಸ ಬಗೆಯ ನೋವು ಶುರುವಾಯಿತು. ತಿರುಗಿಸಿದ ಅಂಚು ಮುಂಭಾಗದಲ್ಲಿ ಕುತ್ತಿಗೆಗೆ ತಾಗುತ್ತಿದ್ದುದೇ ಅದಕ್ಕೆ ಕಾರಣವೆಂದು 1999ರಲ್ಲಿ ವರದಿಯಾಯಿತು. ತಲೆಯ ರಕ್ತನಾಳಕ್ಕೆ ಅಪಾಯವಾಗದಂತೆ ಕೀಲನ್ನು ಪೂರ್ತಿ ಜಾರಿಸಿ ಒಳಗೆ ನೋಡುವ ವಿಧಾನವನ್ನು ಇದೇ ತಂಡ 2001ರಲ್ಲಿ ಪ್ರಕಟಿಸಿತು. 213 ಕೀಲುಗಳಲ್ಲಿ ಒಂದರಲ್ಲೂ ತಲೆಯ ಮೂಳೆ ಸತ್ತಿರಲಿಲ್ಲ. ಮೂಳೆಗಳು ತಾಗುವ ಜಾಗ ಮತ್ತು ಮೃದ್ವಸ್ಥಿ ಹಾಳಾದ ಜಾಗ ಹೊಂದಿಕೆಯಾಗುವುದನ್ನು ಶಸ್ತ್ರವೈದ್ಯರು ಕಣ್ಣಾರೆ ನೋಡುವಂತಾದದ್ದು ಆಗ. ಇಂಥ 600ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ಅನುಭವದ ಮೇಲೆ, ಇಂಪಿಂಜ್‌ಮೆಂಟ್ ಸೊಂಟದ ಕೀಲುಸವೆತಕ್ಕೆ ಒಂದು ಕಾರಣ ಎಂಬ ವಾದವನ್ನು ಗಾಂಟ್ಸ್ ತಂಡ 2003ರಲ್ಲಿ ಮಂಡಿಸಿತು. ಮುಂದಿನ ಎರಡು ದಶಕಗಳ ಸಂಶೋಧನೆಯೆಲ್ಲ ಈ ಪ್ರಬಂಧದಿಂದ ಕವಲೊಡೆದದ್ದು.

ಸಣ್ಣ ರಂಧ್ರದ ಮೂಲಕ ಉಪಕರಣ ಇಳಿಸಿ ಕೀಲಿನೊಳಗೆ ನೋಡುವುದಕ್ಕೆ ಆರ್ತ್ರೋಸ್ಕೋಪಿ ಎಂದು ಹೆಸರು. ಶವದ ಮೇಲೆ ಸೊಂಟದ ಕೀಲಿನ ಆರ್ತ್ರೋಸ್ಕೋಪಿಯನ್ನು ಮೈಕೆಲ್ ಬರ್ಮನ್ 1931ರಲ್ಲೇ ಮಾಡಿ ತೋರಿಸಿದ್ದರೂ, ಕೀಲು ಆಳದಲ್ಲಿದ್ದು ಬಿಗಿಯಾಗಿರುವುದರಿಂದ ಅದು ಮಂಡಿಯ ಆರ್ತ್ರೋಸ್ಕೋಪಿಯಷ್ಟು ಬೇಗ ಬೆಳೆಯಲಿಲ್ಲ. ಬೆರ್ನ್ ತಂಡದ ಕಲ್ಪನೆ ಹರಡಿದ ಮೇಲೆ ಅದಕ್ಕೊಂದು ಗುರಿ ಸಿಕ್ಕಿತು. ತೆರೆದು ಮಾಡುತ್ತಿದ್ದ ಕೆಲಸವನ್ನು ಸಣ್ಣ ರಂಧ್ರಗಳ ಮೂಲಕ ಮಾಡುವುದು ಕೆಲವೇ ವರ್ಷಗಳಲ್ಲಿ ರೂಢಿಯಾಯಿತು.

ರೋಗನಿರ್ಣಯ

2016ರಲ್ಲಿ 9 ದೇಶಗಳ 22 ಮಂದಿ ತಜ್ಞರು ಸೇರಿ ರೂಪಿಸಿದ ವಾರ್ವಿಕ್ ಒಪ್ಪಂದ ರೋಗನಿರ್ಣಯಕ್ಕೆ ಈಗ ಆಧಾರ. ಅದರ ಪ್ರಕಾರ ರೋಗಿ ಹೇಳುವ ಲಕ್ಷಣಗಳು, ವೈದ್ಯರ ಪರೀಕ್ಷೆಯಲ್ಲಿ ಕಾಣುವ ಚಿಹ್ನೆಗಳು ಮತ್ತು ಚಿತ್ರಣದಲ್ಲಿ ಸಿಗುವ ಆಕಾರವ್ಯತ್ಯಾಸ, ಈ ಮೂರೂ ಇದ್ದರೆ ಮಾತ್ರ ಅದು ಇಂಪಿಂಜ್‌ಮೆಂಟ್ ಸಿಂಡ್ರೋಮ್. ನೋವಿಲ್ಲದವರಿಗೆ ಈ ಹೆಸರು ಸಲ್ಲದು.

ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿರುತ್ತದೆ. ಎಲ್ಲಿ ನೋವೆಂದು ಕೇಳಿದರೆ ಎಷ್ಟೋ ರೋಗಿಗಳು ಹೆಬ್ಬೆರಳನ್ನು ಸೊಂಟದ ಹಿಂದಕ್ಕೂ ಉಳಿದ ಬೆರಳುಗಳನ್ನು ತೊಡೆಸಂದಿನ ಕಡೆಗೂ ಇಟ್ಟು ಕೀಲನ್ನು ಬದಿಯಿಂದ ಹಿಡಿದು ತೋರಿಸುತ್ತಾರೆ. ಹೆಚ್ಚು ಹೊತ್ತು ಕೂತರೆ, ಕಾರಿನಿಂದ ಇಳಿಯುವಾಗ, ಮೆಟ್ಟಿಲು ಹತ್ತುವಾಗ, ಕುಕ್ಕರಗಾಲಿನಲ್ಲಿ ಕೂತಾಗ ನೋವು ಹೆಚ್ಚುತ್ತದೆ. ಪರೀಕ್ಷೆಗೆ ರೋಗಿಯನ್ನು ಅಂಗಾತ ಮಲಗಿಸಿ, ಸೊಂಟವನ್ನೂ ಮಂಡಿಯನ್ನೂ 90 ಡಿಗ್ರಿಗೆ ಮಡಿಸಿ, ತೊಡೆಯನ್ನು ಮೈಯ ನಡುಗೆರೆಯತ್ತ ಸರಿಸಿ, ಪಾದವನ್ನು ಹೊರಕ್ಕೆ ತಳ್ಳುತ್ತಾರೆ. ಆಗ ತೊಡೆಮೂಳೆ ಒಳಮುಖವಾಗಿ ತಿರುಗುತ್ತದೆ. ರೋಗಿಗೆ ಪರಿಚಿತವಾದ ಅದೇ ನೋವು ಮರುಕಳಿಸಿದರೆ ಪರೀಕ್ಷೆ ಧನಾತ್ಮಕ. ಫೇಡರ್ ಎಂದು ಕರೆಯುವ ಈ ಪರೀಕ್ಷೆ ಕಾಯಿಲೆ ಇರುವವರನ್ನು ಬಹುಮಟ್ಟಿಗೆ ಹಿಡಿಯುತ್ತದೆ, ಆದರೆ ಬೇರೆ ಕಾರಣಕ್ಕೆ ನೋವಿರುವವರಲ್ಲೂ ಧನಾತ್ಮಕವಾಗುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ನೋವು ಬಾರದಿದ್ದಾಗ ಇದರ ಬೆಲೆ ಹೆಚ್ಚು.

ಚಿತ್ರಣದಲ್ಲಿ ಮೊದಲು ಎಕ್ಸ್‌ರೇ, ಆಮೇಲೆ ಅಗತ್ಯವಿದ್ದರೆ ಎಂಆರ್‌ಐ ಅಥವಾ ಸಿಟಿ. ತಲೆ ಎಲ್ಲಿ ದುಂಡುತನ ಕಳೆದುಕೊಳ್ಳುತ್ತದೆ ಎಂಬುದನ್ನು ಆಲ್ಫಾ ಕೋನದಿಂದ ಅಳೆಯುತ್ತಾರೆ. ನೊಟ್ಸ್ಲಿ ತಂಡ 2002ರಲ್ಲಿ ಎಂಆರ್‌ಐ ಚಿತ್ರಗಳ ಮೇಲೆ ಇದನ್ನು ರೂಪಿಸಿತು. ಗಡಿ ಎಷ್ಟು ಡಿಗ್ರಿ ಎಂಬ ಬಗ್ಗೆ ಬಹುಕಾಲ ಒಮ್ಮತವಿರಲಿಲ್ಲ. ಈಚಿನ ಒಪ್ಪಂದಗಳು 60 ಡಿಗ್ರಿ ಮತ್ತು ಅದಕ್ಕೆ ಮೇಲ್ಪಟ್ಟಿದ್ದನ್ನು ಕ್ಯಾಮ್ ಎನ್ನುತ್ತವೆ. ಬಟ್ಟಲಿನ ಆವರಣವನ್ನು ವೀಬರ್ಗ್ 1939ರಲ್ಲಿ ಸೂಚಿಸಿದ ಸೆಂಟರ್-ಎಡ್ಜ್ ಕೋನದಿಂದ ಅಳೆಯುತ್ತಾರೆ: 40 ಡಿಗ್ರಿ ಮೀರಿದರೆ ಆವರಣ ಹೆಚ್ಚು, 20ಕ್ಕಿಂತ ಕಡಿಮೆಯಾದರೆ ಬಟ್ಟಲು ಆಳವಿಲ್ಲದ್ದು. ಎರಡನೆಯ ಸ್ಥಿತಿಯಲ್ಲಿ ಅಂಚನ್ನು ಕೊರೆದರೆ ಕೀಲು ಅಸ್ಥಿರವಾಗುವುದರಿಂದ ಈ ಅಳತೆಗೆ ಮಹತ್ವವಿದೆ. ನೋವು ಕೀಲಿನ ಒಳಗಿನದೇ ಎಂದು ಖಾತ್ರಿಪಡಿಸಿಕೊಳ್ಳಲು ಅರಿವಳಿಕೆ ಮದ್ದನ್ನು ಕೀಲಿಗೆ ಚುಚ್ಚಿ ನೋಡುವ ಕ್ರಮವೂ ಇದೆ.

ಚಿಕಿತ್ಸೆಯ ವಿಧಾನಗಳು

ವಾರ್ವಿಕ್ ಒಪ್ಪಂದ ಮೂರು ದಾರಿಗಳನ್ನು ಹೆಸರಿಸುತ್ತದೆ: ಸಂರಕ್ಷಣಾತ್ಮಕ ಆರೈಕೆ, ಫಿಸಿಯೋಥೆರಪಿ ನೇತೃತ್ವದ ಪುನಶ್ಚೇತನ ಮತ್ತು ಶಸ್ತ್ರಚಿಕಿತ್ಸೆ. ಸಂರಕ್ಷಣಾತ್ಮಕ ಆರೈಕೆಯಲ್ಲಿ ರೋಗಿಗೆ ತಿಳಿವಳಿಕೆ ನೀಡುವುದು, ನೋವು ತರಿಸುವ ಭಂಗಿ ಮತ್ತು ಚಟುವಟಿಕೆಗಳನ್ನು ಬದಲಿಸುವುದು, ನೋವು ನಿವಾರಕ ಔಷಧಿ, ಕೆಲವೊಮ್ಮೆ ಕೀಲಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಸೇರಿವೆ.

ಫಿಸಿಯೋಥೆರಪಿಯ ಗುರಿ ಮೂಳೆಯ ಆಕಾರ ಬದಲಿಸುವುದಲ್ಲ, ಕೀಲನ್ನು ನಿಯಂತ್ರಿಸುವ ಸ್ನಾಯುಗಳನ್ನು ಬಲಪಡಿಸುವುದು. ಪೃಷ್ಠದ ಸ್ನಾಯುಗಳು, ತೊಡೆಯ ಒಳಬದಿಯ ಸ್ನಾಯುಗಳು, ಹೊಟ್ಟೆ ಮತ್ತು ಬೆನ್ನಿನ ಆಧಾರ ಸ್ನಾಯುಗಳ ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸುತ್ತಾರೆ. ಕೀಲಿನ ಕೊನೆಯ ಮಿತಿಗೆ ತಳ್ಳುವ ಎಳೆತದ ವ್ಯಾಯಾಮಗಳಿಂದ ನೋವು ಕೆರಳಬಹುದಾದ್ದರಿಂದ ಅವನ್ನು ಎಚ್ಚರದಿಂದ ಬಳಸುತ್ತಾರೆ. 2018ರ ನವೆಂಬರಿನಲ್ಲಿ ಜೂರಿಕ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ತಜ್ಞರ ಸಭೆ, ವ್ಯಾಯಾಮ ಚಿಕಿತ್ಸೆ ಕನಿಷ್ಠ ಮೂರು ತಿಂಗಳಾದರೂ ನಡೆಯಬೇಕೆಂದು ಶಿಫಾರಸು ಮಾಡಿತು.

ಶಸ್ತ್ರಚಿಕಿತ್ಸೆ ಈಗ ಬಹುಪಾಲು ಆರ್ತ್ರೋಸ್ಕೋಪಿಯಿಂದಲೇ ನಡೆಯುತ್ತದೆ. ಪೂರ್ಣ ಅರಿವಳಿಕೆ ಕೊಟ್ಟು, ರೋಗಿಯನ್ನು ವಿಶೇಷ ಮೇಜಿನ ಮೇಲೆ ಮಲಗಿಸಿ, ಪಾದವನ್ನು ಬೂಟಿನಂಥ ಕವಚದಲ್ಲಿ ಬಿಗಿದು ಕಾಲನ್ನು ಎಳೆಯುತ್ತಾರೆ. ಕೀಲಿನ ಎರಡು ಮೂಳೆಗಳ ನಡುವೆ ಸುಮಾರು ಒಂದು ಸೆಂಟಿಮೀಟರ್ ಅಂತರ ಬಿದ್ದಾಗ, ಎಕ್ಸ್‌ರೇ ಪರದೆ ನೋಡುತ್ತ ಸೂಜಿ ತೂರಿಸಿ, ಆ ದಾರಿಯಲ್ಲೇ ಕ್ಯಾಮರಾವನ್ನೂ ಉಪಕರಣಗಳನ್ನೂ ಇಳಿಸುತ್ತಾರೆ. ಲೇಬ್ರಮ್ ಹರಿದಿದ್ದರೆ ಅಂಚಿನ ಮೂಳೆಗೆ ಸಣ್ಣ ಆಂಕರ್‌ಗಳನ್ನು ಕೂರಿಸಿ ದಾರದಿಂದ ಹೊಲಿಯುತ್ತಾರೆ. ಆವರಣ ಹೆಚ್ಚಿದ್ದರೆ ಅಂಚನ್ನು ಸವೆಸುತ್ತಾರೆ. ಆಮೇಲೆ ಎಳೆತ ಸಡಿಲಿಸಿ, ಕಾಲು ಮಡಿಸಿ, ಕ್ಯಾಮ್ ಉಬ್ಬನ್ನು ತಿರುಗುವ ಬರ್‌ನಿಂದ ಕೊರೆದು ತಲೆಗೆ ದುಂಡು ಆಕಾರ ಕೊಡುತ್ತಾರೆ. ಕಡಿಮೆ ಕೊರೆದರೆ ಉಬ್ಬು ಉಳಿಯುತ್ತದೆ, ಹೆಚ್ಚು ಕೊರೆದರೆ ಕುತ್ತಿಗೆ ದುರ್ಬಲವಾಗುತ್ತದೆ. ಹಲವು ವಾರ ಊರುಗೋಲು, ಹಲವು ತಿಂಗಳು ಫಿಸಿಯೋಥೆರಪಿ ಇದರ ಭಾಗವೇ ಆಗಿವೆ. ಆಕಾರದೋಷ ಸಂಕೀರ್ಣವಾಗಿದ್ದರೆ ಗಾಂಟ್ಸ್ ವಿಧಾನದ ತೆರೆದ ಶಸ್ತ್ರಚಿಕಿತ್ಸೆಯನ್ನು ಈಗಲೂ ಮಾಡುತ್ತಾರೆ.

ಫಲ ಅಳೆಯುವ ಮಾಪಕಗಳು

ಕೃತಕ ಕೀಲು ಹಾಕಿಸಿಕೊಂಡ ವೃದ್ಧರಿಗಾಗಿ ರೂಪಿಸಿದ ಹಳೆಯ ಮಾಪಕಗಳು ಇಪ್ಪತ್ತು ಮೂವತ್ತರ ಹರೆಯದವರ ತೊಂದರೆಯನ್ನು ಹಿಡಿಯುವುದಿಲ್ಲ. ನಡೆಯಬಲ್ಲರೇ, ಮೆಟ್ಟಿಲು ಹತ್ತಬಲ್ಲರೇ ಎಂದಷ್ಟೇ ಕೇಳಿದರೆ ಬಹುತೇಕರು ಪೂರ್ಣ ಅಂಕ ಗಳಿಸಿಬಿಡುತ್ತಾರೆ. ಈ ಕೊರತೆ ತುಂಬಲು ಹೊಸ ಪ್ರಶ್ನಾವಳಿಗಳು ಬಂದವು. 2012ರಲ್ಲಿ ಪ್ರಕಟವಾದ ಐಹಾಟ್-33 ಎಂಬುದರಲ್ಲಿ 33 ಪ್ರಶ್ನೆಗಳಿದ್ದು, ಅಂಕ 0ಯಿಂದ 100ರ ತನಕ ಇರುತ್ತದೆ. ಅಂಕ ಹೆಚ್ಚಾದಷ್ಟೂ ಸ್ಥಿತಿ ಉತ್ತಮ. ನೋವಿನ ಜೊತೆಗೆ ಕೆಲಸ, ಕ್ರೀಡೆ, ಮನಸ್ಸಿನ ಆತಂಕಗಳನ್ನೂ ಅದು ಕೇಳುತ್ತದೆ. ರೋಗಿಗೆ ಅನುಭವಕ್ಕೆ ಬರುವ ಕನಿಷ್ಠ ವ್ಯತ್ಯಾಸ ಅದರಲ್ಲಿ 6.1 ಅಂಕ ಎಂದು ಲೆಕ್ಕ ಹಾಕಲಾಗಿದೆ. ಹಿಪ್ ಔಟ್‌ಕಮ್ ಸ್ಕೋರ್‌ನ ದಿನನಿತ್ಯದ ಚಟುವಟಿಕೆಗಳ ವಿಭಾಗವೂ ಡೆನ್ಮಾರ್ಕಿನ ಹಾಗೋಸ್ ಮಾಪಕವೂ ಬಳಕೆಯಲ್ಲಿವೆ.

ಆರಂಭದ ಸಂಶೋಧನೆ

2000ದ ದಶಕದ ಅಧ್ಯಯನಗಳು ಬಹುಮಟ್ಟಿಗೆ ಸರಣಿ ವರದಿಗಳು: ಒಬ್ಬ ಶಸ್ತ್ರವೈದ್ಯ ಅಥವಾ ಒಂದು ಆಸ್ಪತ್ರೆ ತನ್ನ ರೋಗಿಗಳ ಅಂಕಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ನಂತರ ಹೋಲಿಸಿ ಪ್ರಕಟಿಸುತ್ತಿತ್ತು. ಸುಧಾರಣೆ ಎಲ್ಲೆಡೆ ಕಂಡಿತು. ಆದರೆ ಹೋಲಿಸಲು ಇನ್ನೊಂದು ಗುಂಪಿಲ್ಲದೆ, ಆ ಸುಧಾರಣೆ ಕತ್ತರಿಯಿಂದ ಬಂತೋ, ಕಾಲಕ್ರಮದಲ್ಲಿ ತಾನಾಗಿ ಆಯಿತೋ, ನಂತರದ ವ್ಯಾಯಾಮದಿಂದಲೋ, ನಿರೀಕ್ಷೆಯಿಂದಲೋ ಎಂದು ಬಿಡಿಸಲಾಗದು. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ 2011ರಲ್ಲಿ ತೆರೆದ ಮತ್ತು ಆರ್ತ್ರೋಸ್ಕೋಪಿ ವಿಧಾನಗಳೆರಡಕ್ಕೂ ಮಾರ್ಗಸೂಚಿ ಹೊರಡಿಸಿತು. ಮರುವರ್ಷ ಬ್ರಿಟನ್ನಿನಲ್ಲೂ ಡೆನ್ಮಾರ್ಕಿನಲ್ಲೂ ಇಂಥ ಶಸ್ತ್ರಚಿಕಿತ್ಸೆಗಳ ರಾಷ್ಟ್ರೀಯ ನೋಂದಣಿ ಪುಸ್ತಕಗಳು ಆರಂಭವಾದವು.

2014ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರನ್ ಸಂಸ್ಥೆಯ ಸಮೀಕ್ಷೆ ಈ ವಿಷಯದ ಯಾದೃಚ್ಛಿಕ ಪ್ರಯೋಗಗಳಿಗಾಗಿ ಹುಡುಕಾಡಿತು. ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಫಲ ಹೋಲಿಸುವುದು ಯಾದೃಚ್ಛಿಕ ಪ್ರಯೋಗ. ಶಸ್ತ್ರಚಿಕಿತ್ಸೆಯನ್ನು ಬೇರೆ ಚಿಕಿತ್ಸೆಯೊಂದಿಗೆ ಹೋಲಿಸಿ ಮುಗಿಸಿದ ಅಂಥ ಒಂದೇ ಒಂದು ಪ್ರಯೋಗವೂ ಸಿಗಲಿಲ್ಲ, ಕೆಲವು ನಡೆಯುತ್ತಿದ್ದವು ಅಷ್ಟೆ. ಸಾವಿರಾರು ಜನ ಅದಾಗಲೇ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿ ಎದ್ದಿದ್ದರು.

ಯಾದೃಚ್ಛಿಕ ಪ್ರಯೋಗಗಳು

ಮುಖ್ಯವಾದದ್ದು ಯುಕೆ ಫ್ಯಾಶನ್ ಪ್ರಯೋಗ. ವಾರ್ವಿಕ್ ವಿಶ್ವವಿದ್ಯಾಲಯದ ಡೇಮಿಯನ್ ಗ್ರಿಫಿನ್ ನೇತೃತ್ವದಲ್ಲಿ ಬ್ರಿಟನ್ನಿನ 23 ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆದ ಇದರ ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಹರಾದ 648 ರೋಗಿಗಳ ಪೈಕಿ 348 ಮಂದಿ ಪಾಲ್ಗೊಂಡರು: 171 ಮಂದಿ ಆರ್ತ್ರೋಸ್ಕೋಪಿ ಗುಂಪಿಗೆ, 177 ಮಂದಿ ವೈಯಕ್ತಿಕ ಹಿಪ್ ಥೆರಪಿ ಗುಂಪಿಗೆ. ಎರಡನೆಯದು ಹೆಸರಿಗೆ ಮಾತ್ರದ ಫಿಸಿಯೋಥೆರಪಿ ಆಗಿರಲಿಲ್ಲ. ರೋಗಿಯ ಪರೀಕ್ಷೆ, ತಿಳಿವಳಿಕೆ, ಆಯಾ ರೋಗಿಗೆ ತಕ್ಕಂತೆ ರೂಪಿಸಿದ ವ್ಯಾಯಾಮ, ನೋವಿಗೆ ನೆರವು ಎಂಬ ನಾಲ್ಕು ಭಾಗಗಳಿದ್ದು, 12ರಿಂದ 24 ವಾರಗಳಲ್ಲಿ 6ರಿಂದ 10 ಬಾರಿ ಫಿಸಿಯೋಥೆರಪಿಸ್ಟ್ ರೋಗಿಯನ್ನು ನೋಡುವ ವ್ಯವಸ್ಥೆಯಿತ್ತು. ಶಸ್ತ್ರಚಿಕಿತ್ಸೆ ಸರಿಯಾಗಿ ನಡೆಯಿತೇ ಎಂಬುದನ್ನೂ ಪ್ರತ್ಯೇಕ ತಜ್ಞರ ಮಂಡಳಿ ಪರಿಶೀಲಿಸಿತು.

12 ತಿಂಗಳಾದಾಗ ಆರ್ತ್ರೋಸ್ಕೋಪಿ ಗುಂಪಿನ ಸರಾಸರಿ ಐಹಾಟ್-33 ಅಂಕ 39.2ರಿಂದ 58.8ಕ್ಕೆ ಏರಿತ್ತು, ಥೆರಪಿ ಗುಂಪಿನದು 35.6ರಿಂದ 49.7ಕ್ಕೆ. ಗುಂಪುಗಳ ನಡುವೆ ಆರಂಭದಲ್ಲೇ ಇದ್ದ ಅಂತರವನ್ನು ಹೊಂದಿಸಿ ಲೆಕ್ಕ ಹಾಕಿದ ವ್ಯತ್ಯಾಸ ಶಸ್ತ್ರಚಿಕಿತ್ಸೆಯ ಪರವಾಗಿ 6.8 ಅಂಕ; ನಿಜವಾದ ವ್ಯತ್ಯಾಸ ಇರಬಹುದಾದ ಶೇ. 95 ವಿಶ್ವಾಸ ವ್ಯಾಪ್ತಿ 1.7ರಿಂದ 12.0. ಈ ಅಂಕಿಗಳನ್ನು ಎರಡು ಕಡೆಯಿಂದ ಓದಬೇಕು. ಎರಡೂ ಗುಂಪುಗಳು ಸುಧಾರಿಸಿದವು, ಶಸ್ತ್ರಚಿಕಿತ್ಸೆಯದು ಹೆಚ್ಚು. ಆದರೆ ಆ ಹೆಚ್ಚಳ ರೋಗಿಗೆ ಅನುಭವಕ್ಕೆ ಬರುವ ಕನಿಷ್ಠ ಮಿತಿಯನ್ನು ಸ್ವಲ್ಪವೇ ಮೀರಿದೆ, ವಿಶ್ವಾಸ ವ್ಯಾಪ್ತಿಯ ಕೆಳತುದಿ ಆ ಮಿತಿಗಿಂತ ಕೆಳಗಿದೆ. 58.8 ಎಂಬ ಅಂಕ ಪೂರ್ಣ ಗುಣದ ಸಮೀಪಕ್ಕೂ ಬಾರದು. ಇನ್ನೊಂದು ಕಡೆ, ಶಸ್ತ್ರಚಿಕಿತ್ಸೆಗೆ ಕಾಯಬೇಕಾದ ಅವಧಿ ಥೆರಪಿಗೆ ಕಾಯುವುದಕ್ಕಿಂತ ಉದ್ದವಿದ್ದುದರಿಂದ, 12 ತಿಂಗಳ ಅಳತೆಯ ಹೊತ್ತಿಗೆ ಚೇತರಿಕೆಗೆ ಆ ಗುಂಪಿಗೆ ಸಿಕ್ಕ ಕಾಲ ಕಡಿಮೆ. ಮೊದಲ ವರ್ಷದ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ತಕ್ಕ ಲಾಭ ಕಾಣಲಿಲ್ಲ.

ಆಕ್ಸ್‌ಫರ್ಡ್ ಕೇಂದ್ರಿತ ಫೇಟ್ ಪ್ರಯೋಗ 2019ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 222 ರೋಗಿಗಳಲ್ಲಿ 112 ಮಂದಿಗೆ ಆರ್ತ್ರೋಸ್ಕೋಪಿ, 110 ಮಂದಿಗೆ ಫಿಸಿಯೋಥೆರಪಿ. 8 ತಿಂಗಳ ನಂತರ ದಿನನಿತ್ಯದ ಚಟುವಟಿಕೆಯ ಅಂಕ ಕ್ರಮವಾಗಿ 78.4 ಮತ್ತು 69.2, ಹೊಂದಿಸಿದ ವ್ಯತ್ಯಾಸ 10.0. ರೋಗಿಗೆ ಅನುಭವಕ್ಕೆ ಬರುವಷ್ಟು ಸುಧಾರಣೆ ಕಂಡವರು ಶಸ್ತ್ರಚಿಕಿತ್ಸೆ ಗುಂಪಿನಲ್ಲಿ ಶೇ. 51, ಫಿಸಿಯೋಥೆರಪಿ ಗುಂಪಿನಲ್ಲಿ ಶೇ. 32. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲೂ ಸುಮಾರು ಅರ್ಧದಷ್ಟು ಮಂದಿ ಆ ಮಟ್ಟ ಮುಟ್ಟಲಿಲ್ಲ ಎಂಬುದೂ ಇದೇ ಅಂಕಿಯಲ್ಲಿದೆ.

ಅಮೆರಿಕದ ಸೇನಾ ಆಸ್ಪತ್ರೆಯೊಂದರಲ್ಲಿ 80 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವರ್ಷಗಳ ಬಳಿಕ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಫಿಸಿಯೋಥೆರಪಿ ಗುಂಪಿಗೆ ಹಂಚಿಕೆಯಾದವರಲ್ಲಿ ಶೇ. 70ರಷ್ಟು ಮಂದಿ ನಡುವೆಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಹೀಗೆ ಗುಂಪುಗಳು ಬೆರೆತ ಮೇಲೆ ಉಳಿದ ಹೋಲಿಕೆಗೆ ಹೆಚ್ಚು ತೂಕವಿಲ್ಲ. ಆಸ್ಟ್ರೇಲಿಯಾದ ಫ್ಯಾಶನ್ ಪ್ರಯೋಗ 99 ರೋಗಿಗಳೊಂದಿಗೆ 2021ರಲ್ಲಿ ಪ್ರಕಟವಾಯಿತು. ಮೃದ್ವಸ್ಥಿಯ ಆರೋಗ್ಯವನ್ನು ವಿಶೇಷ ಎಂಆರ್‌ಐ ವಿಧಾನದಿಂದ ಅಳೆದದ್ದು ಇದರ ವಿಶೇಷ. 12 ತಿಂಗಳಲ್ಲಿ ಮೃದ್ವಸ್ಥಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ಮೇಲುಗೈ ಕಾಣಲಿಲ್ಲ, ನೋವು ಮತ್ತು ಜೀವನದ ಗುಣಮಟ್ಟದ ಅಂಕಗಳಲ್ಲಿ ಮಾತ್ರ ಕಂಡಿತು. 40 ವರ್ಷ ದಾಟಿದ, ಲೇಬ್ರಮ್ ಹರಿದಿದ್ದ 90 ಮಂದಿಯ ಮೇಲೆ ಬಾಸ್ಟನ್ನಿನಲ್ಲಿ ನಡೆದ ಪ್ರಯೋಗದಲ್ಲೂ ಒಂದು ವರ್ಷದಲ್ಲಿ ಶಸ್ತ್ರಚಿಕಿತ್ಸೆ ಸೇರಿಸಿದ ಗುಂಪು ಮುಂದಿತ್ತು. ಅಲ್ಲೂ ವ್ಯಾಯಾಮದ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ಕಡೆಗೆ ಶಸ್ತ್ರಚಿಕಿತ್ಸೆಗೆ ಹೋದರು.

ಇವೆಲ್ಲ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮಗಳ ಹೋಲಿಕೆ. ಮೂಳೆ ಕೊರೆಯುವುದರಿಂದಲೇ ಗುಣವಾಗುತ್ತದೆಯೇ ಎಂಬ ಇನ್ನೂ ಆಳದ ಪ್ರಶ್ನೆಯನ್ನು ಕೇಳಿದ್ದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ ನಡೆದ ಫಸ್ಟ್ ಪ್ರಯೋಗ. ಕೆನಡಾ, ಫಿನ್ಲೆಂಡ್, ಡೆನ್ಮಾರ್ಕ್‌ಗಳ ಆಸ್ಪತ್ರೆಗಳಲ್ಲಿ 18ರಿಂದ 50 ವರ್ಷದ 220 ಮಂದಿ ಇದರಲ್ಲಿ ಪಾಲ್ಗೊಂಡರು. ಎಲ್ಲರಿಗೂ ಆರ್ತ್ರೋಸ್ಕೋಪಿ ಆಯಿತು. ಒಂದು ಗುಂಪಿಗೆ ಮೂಳೆಯ ಆಕಾರ ತಿದ್ದಲಾಯಿತು, ಇನ್ನೊಂದಕ್ಕೆ ಕೀಲನ್ನು ದ್ರವದಿಂದ ತೊಳೆಯಲಾಯಿತು ಅಷ್ಟೆ. ಎರಡರಲ್ಲೂ ಅಗತ್ಯವಿದ್ದರೆ ಲೇಬ್ರಮ್ ಹೊಲಿಯಲು ಅವಕಾಶವಿತ್ತು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 12 ತಿಂಗಳಲ್ಲಿ ನೋವಿನ ಅಂಕದಲ್ಲಿ ಎರಡರ ನಡುವೆ ವ್ಯತ್ಯಾಸವಿರಲಿಲ್ಲ. ಆದರೆ ಎರಡು ವರ್ಷಗಳೊಳಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರ ಸಂಖ್ಯೆ ಆಕಾರ ತಿದ್ದಿಸಿಕೊಂಡ ಗುಂಪಿನಲ್ಲಿ ಸ್ಪಷ್ಟವಾಗಿ ಕಡಿಮೆ ಇತ್ತು. ಈ ಎರಡು ಫಲಿತಾಂಶಗಳನ್ನು ಒಂದೇ ವಾಕ್ಯಕ್ಕೆ ಇಳಿಸುವುದು ಕಷ್ಟ. ಬಹುಶಃ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಚರ್ಚೆಗೆ ಅರ್ಹವಾದ ಪ್ರಯೋಗವೂ ಇದೇ.

ಪುರಾವೆಯ ಮಿತಿಗಳು

ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮವನ್ನು ಹೋಲಿಸುವಾಗ ತನಗೆ ಯಾವುದು ಸಿಕ್ಕಿತೆಂಬುದು ರೋಗಿಗೆ ಗೊತ್ತಿರುತ್ತದೆ. ಫಲವನ್ನು ಅಳೆಯುವುದೂ ಆ ರೋಗಿಯ ಉತ್ತರಗಳಿಂದಲೇ. ಶಸ್ತ್ರಚಿಕಿತ್ಸೆಯ ಮೇಲಿನ ನಂಬಿಕೆ ಉತ್ತರದ ಮೇಲೆ ಪ್ರಭಾವ ಬೀರದಿರದು. ಮಂಡಿಯೊಳಗಿನ ಮೃದ್ವಸ್ಥಿ ಪಟ್ಟಿಯಾದ ಮೆನಿಸ್ಕಸ್ ಹರಿದದ್ದಕ್ಕೆ ಫಿನ್ಲೆಂಡಿನಲ್ಲಿ, ಭುಜದ ಇಂಪಿಂಜ್‌ಮೆಂಟಿಗೆ ಬ್ರಿಟನ್ನಿನಲ್ಲಿ ಹುಸಿ ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿದ ಪ್ರಯೋಗಗಳು 2013 ಮತ್ತು 2018ರಲ್ಲಿ ಪ್ರಕಟವಾದಾಗ, ರೂಢಿಯಲ್ಲಿದ್ದ ಆರ್ತ್ರೋಸ್ಕೋಪಿ ಶಸ್ತ್ರಚಿಕಿತ್ಸೆಗಳು ಹುಸಿ ಶಸ್ತ್ರಚಿಕಿತ್ಸೆಗಿಂತ ರೋಗಿಗೆ ಅರಿವಾಗುವಷ್ಟು ಹೆಚ್ಚಿನ ಫಲ ಕೊಡಲಿಲ್ಲ. ಸೊಂಟದ ಕೀಲಿನ ಫಲಿತಾಂಶಗಳನ್ನು ಓದುವಾಗ ಇದನ್ನು ಮರೆಯುವಂತಿಲ್ಲ.

ಹೋಲಿಕೆಯ ವ್ಯಾಯಾಮವೂ ಎಲ್ಲೆಡೆ ಒಂದೇ ಅಲ್ಲ. ಎಷ್ಟು ವಾರ, ಎಷ್ಟು ಭಾರ, ಎಷ್ಟು ಮಂದಿ ನಿಜಕ್ಕೂ ಮನೆಯಲ್ಲಿ ವ್ಯಾಯಾಮ ಮಾಡಿದರು ಎಂಬುದರ ಮೇಲೆ ಫಲ ನಿಂತಿದೆ. ದುರ್ಬಲವಾದ ವ್ಯಾಯಾಮಕ್ರಮದ ಎದುರು ಯಾವ ಶಸ್ತ್ರಚಿಕಿತ್ಸೆಯೂ ಚೆನ್ನಾಗಿ ಕಾಣುತ್ತದೆ.

ಕ್ರೀಡೆಗೆ ಮರಳುವ ಬಗ್ಗೆ ಸರಣಿ ವರದಿಗಳ ಅಂಕಿಗಳು ಸಾಮಾನ್ಯವಾಗಿ ಆಶಾದಾಯಕ. ಡೆನ್ಮಾರ್ಕಿನ ನೋಂದಣಿ ಪುಸ್ತಕದಿಂದ 18ರಿಂದ 30 ವರ್ಷದ 189 ಕ್ರೀಡಾಪಟುಗಳನ್ನು ನೇರವಾಗಿ ಪ್ರಶ್ನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಚಿತ್ರ ಬೇರೆ: ಸುಮಾರು ಶೇ. 57 ಮಂದಿ ಹಿಂದಿನ ಆಟಕ್ಕೆ ಹಿಂದಿನ ಮಟ್ಟದಲ್ಲೇ ಮರಳಿದ್ದರು, ಆದರೆ ತಮ್ಮ ಆಟ ಮೊದಲಿನಷ್ಟೇ ಚೆನ್ನಾಗಿದೆ ಎಂದವರು ಸುಮಾರು ಶೇ. 17 ಮಾತ್ರ.

ಕೀಲುಸವೆತ ತಡೆಯುವ ಪ್ರಶ್ನೆ

ನೆದರ್‌ಲೆಂಡ್ಸ್‌ನಲ್ಲಿ ಸೊಂಟ ಅಥವಾ ಮಂಡಿ ನೋವು ಹೊಸದಾಗಿ ಶುರುವಾಗಿದ್ದ 45ರಿಂದ 65 ವರ್ಷದ 1002 ಮಂದಿಯನ್ನು ಐದು ವರ್ಷ ಹಿಂಬಾಲಿಸಿದ ‘ಚೆಕ್’ ಎಂಬ ಹೆಸರಿನ ಅಧ್ಯಯನದಲ್ಲಿ, ಆಲ್ಫಾ ಕೋನ 60 ಡಿಗ್ರಿ ಮೀರಿದ ಕೀಲುಗಳು ಉಳಿದವುಗಳಿಗೆ ಹೋಲಿಸಿದರೆ ತೀವ್ರ ಸವೆತಕ್ಕೆ ಹೋಗುವ ಸಂಭವಾನುಪಾತ 3.67ರಷ್ಟೂ, 83 ಡಿಗ್ರಿ ಮೀರಿದವುಗಳದು 9.66ರಷ್ಟೂ ಇತ್ತು. ಪಿನ್ಸರ್ ಆಕಾರಕ್ಕೆ ಇಂಥ ಗಟ್ಟಿ ಸಂಬಂಧ ಸಿಕ್ಕಿಲ್ಲ. ಕ್ಯಾಮ್ ಆಕಾರ ಕೀಲುಸವೆತದ ಅಪಾಯ ಹೆಚ್ಚಿಸುತ್ತದೆ ಎಂಬ ಗಾಂಟ್ಸ್ ವಾದಕ್ಕೆ ಹೀಗೆ ಬಲ ಬಂದಿದೆ. ಆದರೆ ಕ್ಯಾಮ್ ಇರುವ ಬಹುಪಾಲು ಜನರ ಕೀಲು ಸವೆಯುವುದಿಲ್ಲ ಎಂಬುದೂ ಅಷ್ಟೇ ನಿಜ. ಉಬ್ಬನ್ನು ಕೊರೆದರೆ ಮುಂದಿನ ಸವೆತ ತಪ್ಪುತ್ತದೆ ಎಂದು ತೋರಿಸಿದ ದೀರ್ಘಾವಧಿಯ ಯಾದೃಚ್ಛಿಕ ಪ್ರಯೋಗ ಇಲ್ಲ. ನೋವಿಲ್ಲದವರಿಗೆ ಮುನ್ನೆಚ್ಚರಿಕೆಯ ಹೆಸರಿನಲ್ಲಿ ಈ ಶಸ್ತ್ರಚಿಕಿತ್ಸೆ ಮಾಡುವುದಕ್ಕೆ ಆಧಾರವಿಲ್ಲ.

ತೊಡಕುಗಳು ಮತ್ತು ರೋಗಿಗಳ ಆಯ್ಕೆ

ಆರ್ತ್ರೋಸ್ಕೋಪಿಯಲ್ಲಿ ಸಾಮಾನ್ಯವಾದ ತೊಡಕು ನರಗಳದ್ದು. ಕಾಲು ಎಳೆಯುವಾಗ ತೊಡೆಸಂದಿನ ಆಧಾರಕಂಬದ ಒತ್ತಡದಿಂದ ಜನನಾಂಗದ ಭಾಗದಲ್ಲೂ, ರಂಧ್ರಗಳ ಬಳಿಯ ನರಕ್ಕೆ ತಾಗಿ ತೊಡೆಯ ಹೊರಬದಿಯಲ್ಲೂ ಜೋಮು ಬರುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿ ಹೋಗುತ್ತದೆ. ಸ್ನಾಯುಗಳಲ್ಲಿ ಅನಗತ್ಯ ಮೂಳೆ ಬೆಳೆಯುವುದು, ಸೋಂಕು, ರಕ್ತ ಹೆಪ್ಪುಗಟ್ಟುವುದು, ತೀರ ಅಪರೂಪಕ್ಕೆ ಕುತ್ತಿಗೆಯ ಮುರಿತ ವರದಿಯಾಗಿವೆ. ಯುಕೆ ಫ್ಯಾಶನ್ ಪ್ರಯೋಗದ ಆರ್ತ್ರೋಸ್ಕೋಪಿ ಗುಂಪಿನಲ್ಲಿ ಒಬ್ಬರಿಗೆ ಕೀಲಿನ ಸೋಂಕು ತಗಲಿತು. ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬರಲು ಮುಖ್ಯ ಕಾರಣ ಕೊರೆಯದೆ ಉಳಿದ ಉಬ್ಬು.

ಕೀಲು ಆಗಲೇ ಸವೆದವರಲ್ಲಿ ಫಲ ಕಳಪೆ. ಎಕ್ಸ್‌ರೇಯಲ್ಲಿ ಕೀಲಿನ ಅಂತರ 2 ಮಿಲಿಮೀಟರಿಗಿಂತ ಕಡಿಮೆ ಇದ್ದವರು ಕೆಲವೇ ವರ್ಷಗಳಲ್ಲಿ ಕೃತಕ ಕೀಲಿಗೆ ಹೋಗುವ ಸಂಭವ ಹೆಚ್ಚೆಂದು ಹಲವು ಅಧ್ಯಯನಗಳು ಕಂಡಿವೆ. ಆಳವಿಲ್ಲದ ಬಟ್ಟಲಿನವರಿಗೂ ಆರ್ತ್ರೋಸ್ಕೋಪಿ ಒಂದೇ ಸಾಕಾಗುವುದಿಲ್ಲ.

ಏಷ್ಯಾ ಮತ್ತು ಭಾರತೀಯ ಸನ್ನಿವೇಶ

ಬೀಜಿಂಗ್‌ನ ಮಹಿಳೆಯರನ್ನು ಅಮೆರಿಕದ ಬಿಳಿಯ ಮಹಿಳೆಯರೊಂದಿಗೆ ಹೋಲಿಸಿದ ಅಧ್ಯಯನದಲ್ಲಿ ಕ್ಯಾಮ್ ಸೂಚಕ ಆಕಾರಗಳು ಚೀನೀಯರಲ್ಲಿ ಕಡಿಮೆ ಇದ್ದವು. ಸೊಂಟದ ಕೀಲುಸವೆತವೂ ಅಲ್ಲಿ ವಿರಳ. ಮೇಲೆ ಹೇಳಿದ ದೊಡ್ಡ ಪ್ರಯೋಗಗಳೆಲ್ಲ ಯುರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನಡೆದವು. ನೆಲದ ಮೇಲೆ ಕೂರುವ, ಕುಕ್ಕರಗಾಲಿನ ಶೌಚಾಲಯ ಬಳಸುವ ಕರ್ನಾಟಕದಂಥ ಕಡೆ ಅವುಗಳ ಫಲಿತಾಂಶವನ್ನು ಅನ್ವಯಿಸುವಾಗ ಭಂಗಿಯ ವ್ಯತ್ಯಾಸ ಗಮನಿಸಬೇಕಾಗುತ್ತದೆ. ಕುಕ್ಕರಗಾಲಿನಲ್ಲಿ ಕೂತಾಗ ಸೊಂಟ ಪೂರ್ತಿ ಮಡಿಚಿಕೊಳ್ಳುವುದರಿಂದ ಉಬ್ಬು ಅಂಚಿಗೆ ತಾಗುವ ಸಂಭವ ಹೆಚ್ಚು. ಚಕ್ಕಂಬಕ್ಕಳ ಹಾಕಿ ಕೂತಾಗ ತೊಡೆ ಹೊರಕ್ಕೆ ತಿರುಗಿರುವುದರಿಂದ ಮುಂಭಾಗದ ಒತ್ತಡ ಅಷ್ಟಿರುವುದಿಲ್ಲ. ನೋವು ತರಿಸುವ ಭಂಗಿ ಬದಲಿಸುವುದು ಚಿಕಿತ್ಸೆಯ ಮೊದಲ ಮೆಟ್ಟಿಲಾದ್ದರಿಂದ, ಕಮೋಡ್ ಬಳಕೆ, ಎತ್ತರದ ಪೀಠ, ತಗ್ಗಿನ ಆಸನ ಬಿಡುವುದು ಇಲ್ಲಿನ ರೋಗಿಗಳಿಗೆ ಸಹಜವಾಗಿ ಒದಗುವ ಸಲಹೆಗಳು.

ಇಂದಿನ ಸ್ಥಿತಿ

ಲಕ್ಷಣ, ಚಿಹ್ನೆ, ಆಕಾರ ಮೂರೂ ಇರುವ, ಕೀಲು ಸವೆಯದ ರೋಗಿಗಳಲ್ಲಿ ಆರ್ತ್ರೋಸ್ಕೋಪಿಯಿಂದ ಎಂಟು ತಿಂಗಳಿಂದ ಒಂದು ವರ್ಷದ ಅವಧಿಯಲ್ಲಿ ಫಿಸಿಯೋಥೆರಪಿಗಿಂತ ಸಾಧಾರಣ ಪ್ರಮಾಣದ ಹೆಚ್ಚು ಪ್ರಯೋಜನ ಸಿಗುತ್ತದೆ ಎಂಬುದು ಪ್ರಯೋಗಗಳಿಂದ ಸ್ಥಾಪಿತವಾಗಿದೆ. ಫಿಸಿಯೋಥೆರಪಿಯಿಂದಲೂ ಅನೇಕರು ಸುಧಾರಿಸುತ್ತಾರೆ. ಯುಕೆ ಫ್ಯಾಶನ್ ಪ್ರಯೋಗದ ಥೆರಪಿ ಗುಂಪಿನಲ್ಲಿ ಮೊದಲ ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ಹತ್ತರಲ್ಲೊಬ್ಬರಿಗಿಂತ ಕಡಿಮೆ. ಆದ್ದರಿಂದ ಮೂರು ತಿಂಗಳಿಗೆ ಕಡಿಮೆಯಿಲ್ಲದ, ಮೇಲ್ವಿಚಾರಣೆಯಲ್ಲಿ ನಡೆದ ವ್ಯಾಯಾಮ ಚಿಕಿತ್ಸೆಯನ್ನು ಮೊದಲು ಮಾಡಿ, ನೋವು ಉಳಿದವರಲ್ಲಿ ಮಾತ್ರ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುವುದು ಹೆಚ್ಚಿನ ಕಡೆ ಅನುಸರಿಸುವ ಕ್ರಮವಾಗಿದೆ.